ನಡಾವಳಿಯಲ್ಲಿ ನನ್ನ ಹೆಸರು

ನಗರಸಭೆಗೆ ಆಯ್ಕೆಯಾಗುವ ಮುಂಚೆ ನಾನು ತಾಲ್ಲೂಕು ಕಚೇರಿಯ ಎದುರಿನ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತಿದ್ದವಳು. ಪಹಣಿ, ಕ್ರಯಪತ್ರ, ವಂಶವೃಕ್ಷ, ಕೋರ್ಟಿನ ನೋಟಿಸು, ಹೀಗೆ ಊರಿನ ಕಾಗದವೆಲ್ಲ ನನ್ನ ಕೈ ದಾಟಿಯೇ ಹೋಗುತ್ತಿತ್ತು. ಕಾಗದ ತಂದವರ ಮುಖ ನೋಡಿ ಅದರಲ್ಲಿ ಏನಿದೆ ಎಂದು ಊಹಿಸುವ ಕೆಟ್ಟ ಅಭ್ಯಾಸ ನನಗೆ ಅಲ್ಲೇ ಅಂಟಿಕೊಂಡಿತು. ಅಣ್ಣತಮ್ಮಂದಿರಲ್ಲಿ ಒಬ್ಬನೇ ಬಂದು ವಿಭಾಗಪತ್ರದ ಕೊನೆಯ ಪುಟವನ್ನಷ್ಟೇ ಪ್ರತಿ ಮಾಡಿಸಿ, ಉಳಿದ ಪುಟಗಳ ಮೇಲೆ ಅಂಗೈ ಒತ್ತಿಕೊಂಡು ನಿಂತರೆ, ಆ ಮನೆಯಲ್ಲಿ ಇನ್ನು ಆರು ತಿಂಗಳಿಗೆ ಜಗಳ ಎಂದು ನನ್ನ ಗಂಡನಿಗೆ ಹೇಳುತ್ತಿದ್ದೆ. ಹೆಚ್ಚುಕಮ್ಮಿ ಹಾಗೇ ಆಗುತ್ತಿತ್ತು. ತಲೆಕೆಳಗಾದ ಅಕ್ಷರ ಓದುವುದೂ ನನಗೆ ಬರುತ್ತಿತ್ತು.

ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಪಕ್ಷದವರು ಮನೆಗೆ ಬಂದು ನನ್ನ ಗಂಡನನ್ನು ಕೇಳಿದರು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಅವರು ಹೋದ ಮೇಲೆ ಗಂಡ, "ನಿಂತ್ಕೋ, ನಾನಿದ್ದೀನಲ್ಲ" ಎಂದರು. ಅವರು 'ನಾನಿದ್ದೀನಲ್ಲ' ಎಂದ ಧಾಟಿ ನನಗೆ ಸರಿಹೋಗಲಿಲ್ಲ. ಆದರೂ ನಿಂತೆ. ಅಂಗಡಿಯಿಂದಾಗಿ ಎಲ್ಲರಿಗೂ ಮುಖಪರಿಚಯವಿತ್ತು, ಗೆದ್ದೆ.

ಮೊದಲನೆಯ ಸಾಮಾನ್ಯ ಸಭೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಹಿಳಾ ಸದಸ್ಯರ ಗಂಡಂದಿರೆಲ್ಲ ಬಾಗಿಲ ಬಳಿ ಚಪ್ಪಲಿ ಕಾಯುವವರ ಹಾಗೆ ಸಾಲಾಗಿ ನಿಂತಿದ್ದರು. ಒಳಗೆ ಗುಮಾಸ್ತ ವಿಷಯಪಟ್ಟಿ ಓದುತ್ತಿದ್ದ. ಎಷ್ಟು ಬೇಗ ಓದುತ್ತಿದ್ದನೆಂದರೆ 'ಮಾನ್ಯ ಸಭೆಯ ಅವಗಾಹನೆಗೆ' ಎನ್ನುವುದು ಬಿಟ್ಟು ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಪ್ರತಿ ವಿಷಯದ ಕೊನೆಗೆ ಯಾರೋ ಒಬ್ಬರು "ಒಪ್ಪಿದೆ" ಎನ್ನುವರು, ಉಳಿದವರು ಮೇಜು ಬಡಿಯುವರು. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೆಂಟು ವಿಷಯ ಮುಗಿದವು. ಕೊನೆಯದು ಎಲ್ಲ ಸಭೆಗಳಲ್ಲೂ ಒಂದೇ: 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು.' ಏನು ಆ ಇತರೆ ವಿಷಯಗಳು ಎಂದು ಪಕ್ಕದವರನ್ನು ಕೇಳಿದೆ.

ಪಕ್ಕದಲ್ಲಿದ್ದವರು ಐದನೇ ಸಲ ಗೆದ್ದು ಬಂದಿದ್ದ ಹಿರಿಯ ಸದಸ್ಯರು. ಬಿಳಿ ಪಂಚೆ, ಕಂಕುಳಲ್ಲಿ ಚರ್ಮದ ಚೀಲ. ನನ್ನ ತವರು ಅಕ್ಕೂರಿನ ಕಡೆ ಎಂದು ಗೊತ್ತಾದ ಕೂಡಲೇ, ನಮ್ಮಪ್ಪನ ಹಿಪ್ಪುನೇರಳೆ ತೋಟವನ್ನು ತಾವು ನೋಡಿರುವುದಾಗಿ ಹೇಳಿ ನನ್ನನ್ನು ಮಗಳ ಸ್ಥಾನದಲ್ಲಿ ಕೂರಿಸಿಬಿಟ್ಟಿದ್ದರು.

"ಅದೆಲ್ಲ ಆಮೇಕೆ ಗೊತ್ತಾಯ್ತದೆ ಕಣವ್ವ," ಎಂದರು. "ಈಗ ಒಸಿ ದಿನ ಸುಮ್ಕೆ ಕೂತ್ಕೊಂಡು ನೋಡು. ಯಾರ್ ಮೊದ್ಲು ಕೈ ಎತ್ತಾರೆ ಅನ್ನೋದ ನೋಡು, ಅಷ್ಟು ನೋಡುದ್ರೆ ಸಾಕು."

ಅವರ ಮಾತು ನನಗೆ ಹಿಡಿಸಿತು. ಇಡೀ ಸಭೆಯಲ್ಲಿ ನನ್ನ ಕಡೆ ತಿರುಗಿ ಮಾತಾಡಿದವರು ಅವರೊಬ್ಬರೇ.

ನಮ್ಮ ವಾರ್ಡಿನ ಕೊನೆಯಲ್ಲಿ ದೊಡ್ಡ ಮೋರಿಯ ದಂಡೆಗೆ ಒಂದು ಮನೆ ಸಾಲಿತ್ತು. ತಗಡು, ಹಳೆಯ ಫ್ಲೆಕ್ಸು, ಅರ್ಧ ಇಟ್ಟಿಗೆ ಸೇರಿಸಿ ಕಟ್ಟಿದ ಇಪ್ಪತ್ತೆಂಟು ಮನೆಗಳು. ಹೆಂಗಸರು ಹೆಚ್ಚಿನವರು ಹತ್ತಿರದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ದುಡಿಯುವವರು. ಗೂಡು ಬೇಯಿಸುವ ಬಿಸಿನೀರಿನಲ್ಲಿ ದಿನವಿಡೀ ಕೈಯಿಟ್ಟು ಅವರ ಬೆರಳ ತುದಿಗಳು ಬೆಳ್ಳಗೆ ನೆನೆದುಹೋಗಿರುತ್ತಿದ್ದವು. ಸಾಲಿನ ತುದಿಯಲ್ಲಿ, ಮೋರಿ ತಿರುಗುವ ಮೂಲೆಯಲ್ಲಿದ್ದವಳು ನನ್ನ ವಯಸ್ಸಿನವಳೇ, ಗಂಡ ತೀರಿಕೊಂಡಿದ್ದ. ಅವಳನ್ನು ಎಲ್ಲರೂ 'ಕೊನೆಮನೆಯವಳು' ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಮಳೆ ಬಂದರೆ ಮೋರಿ ನೀರು ಮೊದಲು ನುಗ್ಗುತ್ತಿದ್ದುದು ಅವಳ ಮನೆಗೆ. ನಾನು ಗೆದ್ದ ಮೂರನೇ ದಿನ ಅವಳು ಅಂಗಡಿಗೆ ಬಂದಳು.

"ಮೆಂಬರಕ್ಕ, ಓಟು ಕೇಳಕ್ಕೆ ಬಂದಾಗ ನೀನು ಒಳಿಕ್ಕೆ ಬಂದು ಕೂತ್ಕಂಡಿದ್ದೆ. ಬೇರೆಯೋರೆಲ್ಲ ಬಾಗ್ಲಲ್ಲೇ ನಿಂತ್ಕಂಡು ಹೋದ್ರು. ಅದುಕ್ಕೇ ಕೇಳ್ತಾ ಇವ್ನಿ. ನಮ್ಗೆ ಮನೆ ಬಂದೈತಂತೆ, ನಿಜವಾ?"

ನಿಜವೇ ಆಗಿತ್ತು. ವಸತಿ ಯೋಜನೆಯಲ್ಲಿ ಆ ಸಾಲಿಗೆ ಮನೆಗಳು ಮಂಜೂರಾಗಿದ್ದವು. ಕಟ್ಟಲು ಜಾಗ ತೋರಿಸುವುದು ನಗರಸಭೆಯ ಕೆಲಸ. ಆ ಜಾಗದ ಕಡತ ಮಾತ್ರ ಮೂರು ವರ್ಷದಿಂದ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು.

ಅಧ್ಯಕ್ಷರ ಕೋಣೆಯ ಗೋಡೆಗೆ ಊರಿನ ಮಹಾಯೋಜನೆಯ ನಕಾಶೆ ತೂಗುಹಾಕಿದ್ದರು. ಮನೆ ಕಟ್ಟಬಹುದಾದ ಕಡೆ ಹಳದಿ, ಅಂಗಡಿ ಬೀದಿ ನೀಲಿ, ಉದ್ಯಾನಕ್ಕೆ ಬಿಟ್ಟದ್ದು ಹಸಿರು. ಮೋರಿ ದಂಡೆಯ ಸಾಲಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಸಂತೆಮಾಳ ಅದರಲ್ಲಿ ಹಸಿರಾಗಿತ್ತು. ಎರಡು ಎಕರೆ ಸರ್ಕಾರಿ ಜಾಗ. ಅಲ್ಲಿ ಉದ್ಯಾನವೇನೂ ಇರಲಿಲ್ಲ. ಜಾಲಿ ಗಿಡ, ಮುರಿದ ಸಂತೆ ಕಟ್ಟೆ, ಕಸ. ಅದರ ಹಿಂದೆಯೇ ಒಂದು ಖಾಸಗಿ ಲೇಔಟು ಏಳುತ್ತಿತ್ತು. ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ನಮ್ಮ ಕಡೆ ಲೇಔಟಿನ ಕಮಾನು ಏಳದ ಹೊಲವೇ ಇಲ್ಲ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಈ ಲೇಔಟಿಗೆ ಮುಖ್ಯರಸ್ತೆಯಿಂದ ಹೋಗಲು ಎತ್ತಿನಗಾಡಿ ಓಣಿ ಬಿಟ್ಟರೆ ದಾರಿಯಿರಲಿಲ್ಲ. ಸಂತೆಮಾಳದ ನಡುವೆ ಒಂದು ಅಗಲವಾದ ರಸ್ತೆ ಬಿದ್ದರೆ ಅದರ ಹಣೆಬರಹವೇ ಬದಲಾಗುತ್ತಿತ್ತು. ಅದೇ ಹೊತ್ತಿಗೆ, ಬಡವರ ಮನೆಗಳಿಗೆ ಊರಿಂದ ಒಂಬತ್ತು ಕಿಲೋಮೀಟರ್ ಆಚೆಯ ಬಂಡೆ ಇಳಿಜಾರು ಸೂಕ್ತ ಎಂಬ ಟಿಪ್ಪಣಿ ಕಡತದಲ್ಲಿ ಹೊಸದಾಗಿ ಸೇರಿತ್ತು. ನಾನು ಎರಡನ್ನೂ ಜೋಡಿಸಿ ನೋಡಿದೆ. ಅಂಗಡಿಯಲ್ಲಿ ಕಲಿತದ್ದು ಅಷ್ಟು ಮಾಡಿಸದೆ ಬಿಡುತ್ತದೆಯೇ.

ಅನುಮಾನ ಹುಟ್ಟಿದ ಮೇಲೆ ಅದಕ್ಕೊಂದು ಮುಖ ಬೇಕಾಗುತ್ತದೆ. ನನಗೆ ಸಿಕ್ಕ ಮುಖ ಇಂಜಿನಿಯರರದು.

ಅವರು ನಗರಸಭೆಯ ಕಿರಿಯ ಇಂಜಿನಿಯರ್. ಮಾತು ಕಡಿಮೆ, ಯಾರ ಕಣ್ಣನ್ನೂ ನೋಡಿ ಮಾತಾಡುತ್ತಿರಲಿಲ್ಲ. ನಕಾಶೆ ಬರೆಯುವವರು ಅವರೇ. ಲೇಔಟಿನ ಮಾಲೀಕನ ಜೀಪಿನಿಂದ ಅವರು ಇಳಿಯುವುದನ್ನು ನಾನು ಎರಡು ಸಲ ಕಂಡೆ. ಅದಾದ ವಾರದಲ್ಲೇ ಅವರು ಸುರುಳಿ ಸುತ್ತಿದ ಹಾಳೆ ಹಿಡಿದು ನಮ್ಮ ಅಂಗಡಿಗೆ ಬಂದರು.

"ಮೇಡಂ, ಆ ಸಂತೆಮಾಳದ ವಿಷಯ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು. ಆಫೀಸಿನಲ್ಲಿ ಬೇಡ."

"ಆಫೀಸಿನ ವಿಷಯ ಆಫೀಸಿನಲ್ಲೇ ಮಾತಾಡೋಣ," ಎಂದೆ.

ಅವರು ಹಾಳೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಹೋದರು. ಮತ್ತೆ ಎರಡು ಸಲ ಬಂದರು. ನಾನಿಲ್ಲದಾಗ ಬಂದು ನನ್ನ ಗಂಡನ ಜೊತೆ ಮಾತಾಡುತ್ತಿದ್ದರೆಂದು ಪಕ್ಕದ ಟೀ ಅಂಗಡಿಯವನಿಂದ ತಿಳಿಯಿತು. ಒಂದು ಮಧ್ಯಾಹ್ನ ನಾನು ಸಭೆ ಮುಗಿಸಿ ಬಂದಾಗ, ಗಂಡ ಏನೋ ದೊಡ್ಡ ಹಾಳೆಯ ಪ್ರತಿ ತೆಗೆಯುತ್ತಿದ್ದವರು ಅದನ್ನು ಥಟ್ಟನೆ ಮಡಿಚಿ ಮೇಜಿನ ಖಾನೆಗೆ ಹಾಕಿದರು. ಮಸುಕಾಗಿ ಬಂದ ಒಂದು ಪ್ರತಿ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ತೆಗೆದು ನೋಡಿದೆ. ಸಂತೆಮಾಳ, ಮೋರಿ, ಲೇಔಟು, ನಡುವೆ ಒಂದು ರಸ್ತೆಯ ಗೆರೆ. ಅರ್ಧ ಭಾಗ ಮಸಿ ಹಿಡಿದು ಕಾಣಿಸುತ್ತಿರಲಿಲ್ಲ. ಕಂಡಷ್ಟೇ ನನಗೆ ಸಾಕಾಯಿತು.

"ಏನಿದು?" ಎಂದೆ.

"ಆಯಪ್ಪ ಕೊಟ್ಟೋಗವ್ನೆ. ನೀನು ಒಂದ್ಸಲ ಅವ್ನ ಮಾತು ಕೇಳು. ಅವ್ನೇನು ಕೆಟ್ಟೋನಲ್ಲ."

"ಅವರು ಕೆಟ್ಟವರಲ್ಲ ಅಂತ ಹೇಳೋಕೆ ಅವರು ನಿಮಗೆ ಏನು ಕೊಟ್ಟರು?"

ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಅಂಥ ಮಾತು ಆಡಿರಲಿಲ್ಲ. ಗಂಡ ಯಂತ್ರದ ಸ್ವಿಚ್ಚು ಆರಿಸಿ, ಅಂಗಿ ಕೊಡವಿಕೊಂಡು ಹೊರಗೆ ಹೋದರು. ಆ ದಿನದಿಂದ ಅವರು ನನ್ನ ಹತ್ತಿರ ನಗರಸಭೆಯ ವಿಷಯ ಎತ್ತುವುದನ್ನೇ ಬಿಟ್ಟರು. ಅದನ್ನೂ ನಾನು ತಪ್ಪಿತಸ್ಥನ ಮೌನ ಎಂದೇ ತಿಳಿದೆ.

ಹಿರಿಯ ಸದಸ್ಯರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು.

"ಆ ಇಂಜಿನಿಯರ್ನ ನಂಬ್ಬೇಡ ಕಣವ್ವ," ಎಂದರು. "ಮೊದ್ಲಿದ್ದ ಊರಲ್ಲೂ ಹಿಂಗೇ ಮಾಡವ್ನೆ ಅಂತಾರೆ. ನಿಂಗೆ ಧೈರ್ಯ ಐತೆ. ಸಭೇಲಿ ಎತ್ತು. ನಾನ್ ಹಿಂದಿರ್ತೀನಿ."

ಎತ್ತಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು, ಲೇಔಟಿನವರ ಅನುಕೂಲಕ್ಕೆ ಸಂತೆಮಾಳ ಸೀಳಿ ರಸ್ತೆ ಬರೆದವರು ಈ ಇಂಜಿನಿಯರ್, ಅವರು ಯಾರ ಜೀಪಿನಲ್ಲಿ ಓಡಾಡುತ್ತಾರೆ ಎಂದು ಊರಿಗೆಲ್ಲ ಗೊತ್ತು, ನನ್ನ ಮನೆಯವರೆಗೂ ಬಂದು ಆಮಿಷ ಒಡ್ಡಲು ನೋಡಿದರು ಎಂದೆ. ಆಮಿಷ ಎನ್ನುವ ಪದ ನನ್ನ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಅವರು ನನಗೆ ಏನನ್ನೂ ಒಡ್ಡಿರಲಿಲ್ಲ. ಮಾತಿನ ರಭಸದಲ್ಲಿ ಬಂತು, ಬಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸದಸ್ಯರು ಎದ್ದು ಕೂಗಾಡಿದರು. ಪತ್ರಿಕೆಯವರು ಬರೆದುಕೊಂಡರು. ಇಂಜಿನಿಯರ್ ಗೋಡೆಗೆ ಒರಗಿ ನಿಂತಿದ್ದವರು ಒಂದೇ ಮಾತು ಹೇಳಿದರು.

"ಫೈಲು ತರಿಸಿ ನೋಡಿ, ಮೇಡಂ."

ಫೈಲು ಯಾರೂ ತರಿಸಲಿಲ್ಲ. ನಾನೂ ಪಟ್ಟು ಹಿಡಿಯಲಿಲ್ಲ. ಅಧ್ಯಕ್ಷರು ವಿಷಯ ಮುಂದೂಡಿದೆ ಎಂದು ಸಭೆ ಮುಗಿಸಿದರು. ಮೂರು ವಾರದಲ್ಲಿ ಇಂಜಿನಿಯರರಿಗೆ ವರ್ಗವಾಯಿತು. ಮೋರಿ ದಂಡೆಯವರು ನನಗೆ ಸೇವಂತಿಗೆ ಹಾರ ಹಾಕಿದರು. ಕೊನೆಮನೆಯವಳು ಮಾತ್ರ ಹಾರ ತಂದಿರಲಿಲ್ಲ.

"ಅವ್ನೇನೋ ಹೋದ ಅಕ್ಕ," ಎಂದಳು. "ಜಾಗ ಎಲ್ಲಿ ಅಂತ ಯಾರೂ ಯೋಳ್ಲಿಲ್ವಲ್ಲ."

ಅವಳ ಮಾತು ನನ್ನ ಹಾರದ ಸಂತೋಷವನ್ನು ಇಳಿಸಿತು. ಮರುದಿನ ನಗರಸಭೆಗೆ ಹೋಗಿ ಆ ಸಭೆಯ ನಡಾವಳಿಯ ಪ್ರತಿ ಕೇಳಿದೆ. ಸಭೆಯಲ್ಲಿ ಏನೇನು ತೀರ್ಮಾನವಾಯಿತು ಎಂದು ಬರೆದಿಡುವ ಪುಸ್ತಕ ಅದು. ಇನ್ನೂ ಬರೆದಾಗಿಲ್ಲ ಎಂದರು. ಅಧ್ಯಕ್ಷರ ಸಹಿ ಆಗಬೇಕು ಎಂದರು. ಗುಮಾಸ್ತ ರಜೆ ಎಂದರು. ಎರಡು ತಿಂಗಳು ತಿರುಗಿಸಿದರು. ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ ಎಂದ ಮೇಲೆ, ಸದಸ್ಯೆಯೇ ಅರ್ಜಿ ಹಾಕಿದರೆ ಚೆನ್ನಾಗಿರುವುದಿಲ್ಲವೆಂದು ಪ್ರತಿ ಕೈಗೆ ಕೊಟ್ಟರು.

ನಗರಸಭೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಸಂತೆಮಾಳದ ವಿಷಯ ಮುಂದೂಡಿದೆ ಎಂದು ಒಂದು ಸಾಲು ಇತ್ತು. ಅದು ಸರಿಯೇ. ಆದರೆ ಕೊನೆಯ ಪುಟದಲ್ಲಿ, ಇತರೆ ವಿಷಯಗಳ ಅಡಿ, ಹೀಗಿತ್ತು: ಸಂತೆಮಾಳದ ಜಮೀನನ್ನು ಉದ್ಯಾನ ವಲಯದಿಂದ ವಸತಿ ಮತ್ತು ರಸ್ತೆ ಬಳಕೆಗೆ ಬದಲಿಸಲು ಯೋಜನಾ ಪ್ರಾಧಿಕಾರಕ್ಕೆ ಶಿಫಾರಸು ಮಾಡಲು, ಹಾಗೂ ಮೋರಿ ದಂಡೆಯ ಕುಟುಂಬಗಳಿಗೆ ಊರಾಚೆಯ ಜಾಗವನ್ನೇ ಅಂತಿಮಗೊಳಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಸೂಚಿಸಿದವರು, ಹಿರಿಯ ಸದಸ್ಯರು. ಅನುಮೋದಿಸಿದವರು ಎಂಬುದರ ಮುಂದೆ ನನ್ನ ಹೆಸರು. ಅಪ್ಪನ ಇನಿಷಿಯಲ್ ಸಮೇತ, ಒಂದಕ್ಷರ ತಪ್ಪಿಲ್ಲದೆ.

ನೇರ ಹಿರಿಯರ ಮನೆಗೆ ಹೋದೆ. ಅವರು ಅದೇ ಜಗಲಿಯಲ್ಲಿದ್ದರು. ಕಾಗದ ಮುಂದೆ ಹಿಡಿದೆ.

"ಅಣ್ಣ, ಇದನ್ನು ನಾನು ಯಾವಾಗ ಅನುಮೋದಿಸಿದೆ?"

ಅವರು ಕನ್ನಡಕ ಹುಡುಕಿ ಹಾಕಿಕೊಂಡು, ತಮಗೆ ಗೊತ್ತೇ ಇಲ್ಲದ ವಿಷಯದ ಹಾಗೆ ನಿಧಾನವಾಗಿ ಓದಿದರು.

"ಹಾಜ್ರಿ ಪುಸ್ತಕದಲ್ಲಿ ಸೈನ್ ಹಾಕಿದ್ಯಲ್ಲವ್ವ?"

"ಹಾಜರಿಗೆ ಹಾಕಿದ್ದೆ."

"ಅಷ್ಟೇಯ. ಎಲ್ರೂ ಒಪ್ಪುದ್ರು ಅಂದ್ಮೇಲೆ ಯಾರ್ದಾರ ಹೆಸ್ರು ಬರೀಬೇಕಲ್ಲ. ನಿನ್ ವಾರ್ಡಿನ ಕೆಲ್ಸ, ನಿನ್ ಹೆಸ್ರಿದ್ರೆ ಚೆಂದ ಅಂತ ಬರ್ಸುದ್ರು." ಕನ್ನಡಕ ತೆಗೆದು ಒಳಗೆ ನೋಡಿ, "ಒಂದ್ ಲೋಟ ಕಾಫಿ ತನ್ರಮ್ಮ, ಮಗ್ಳು ಬಂದವ್ಳೆ" ಎಂದರು.

ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಮುಖದಲ್ಲಿ ಅಳುಕೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವರಿಗೆ ಇದರಲ್ಲಿ ಏನು ಲಾಭ ಬಂತು, ಬಂತೋ ಇಲ್ಲವೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ.

ಅಂಗಡಿಯಲ್ಲಿ ಗಿರಾಕಿಗಳು ಹೋಗುವವರೆಗೆ ಕಾದು ಗಂಡನ ಮುಂದೆ ಆ ಕಾಗದ ಇಟ್ಟೆ. ಅವರು ಓದಿ, ಮೇಜಿನ ಖಾನೆ ಎಳೆದು, ಮಡಿಚಿಟ್ಟಿದ್ದ ದೊಡ್ಡ ಹಾಳೆಯನ್ನು ಬಿಡಿಸಿ ಹರವಿದರು. ಅದೇ ನಕಾಶೆ. ಕಸದ ಬುಟ್ಟಿಯ ಪ್ರತಿಯಲ್ಲಿ ಮಸಿಯಾಗಿದ್ದ ಭಾಗ ಇದರಲ್ಲಿ ಸ್ಪಷ್ಟವಾಗಿತ್ತು. ರಸ್ತೆಯ ಎರಡು ಗೆರೆಗಳಿದ್ದವು. ನಡುವೆ ಹೋಗಿದ್ದ ಗೆರೆಗೆ ಕಾಟು ಹೊಡೆದಿತ್ತು. ಇನ್ನೊಂದು ಗೆರೆ ಸಂತೆಮಾಳದ ಅಂಚಿಗೆ ಸರಿದಿತ್ತು. ಮೋರಿಯ ಪಕ್ಕ, ಹೇಗೂ ಏನೂ ಕಟ್ಟುವಂತಿಲ್ಲದ ಪಟ್ಟಿಯನ್ನು ಉದ್ಯಾನವೆಂದು ಉಳಿಸಿಕೊಂಡು, ಬಾಕಿ ಜಾಗದಲ್ಲಿ ಸಣ್ಣ ಮನೆಗಳ ಚೌಕಗಳನ್ನು ಬರೆದಿದ್ದರು. ಎಣಿಸಿದೆ. ಇಪ್ಪತ್ತೆಂಟಿದ್ದವು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: 'ಸದಸ್ಯರಿಂದ ಲಿಖಿತ ಸೂಚನೆ ಬಂದರೆ ಮಾತ್ರ ಮಂಡಿಸಲು ಸಾಧ್ಯ.'

"ಇದನ್ನ ಯಾಕೆ ಹೇಳಲಿಲ್ಲ ನೀವು?"

"ಯೋಳಕ್ಕೆ ಬಂದೆ. ನೀನು ಏನು ಕೊಟ್ಟ ಅಂದ್ಯಲ್ಲ," ಎಂದರು. "ಆಮೇಲೆ ನಾನೇನ್ ಯೋಳಿದ್ರೂ ಅದು ಆಯಪ್ಪ ಕೊಟ್ಟಿದ್ದಕ್ಕೇ ಅಂತಿದ್ದೆ."

ಹೌದು, ಹಾಗೇ ಎನ್ನುತ್ತಿದ್ದೆ. ಆ ರಾತ್ರಿ ಊಟ ಸೇರಲಿಲ್ಲ ಎಂದೆಲ್ಲ ಬರೆಯಬಹುದು, ಆದರೆ ನಾನು ಊಟ ಮಾಡಿದೆ. ಮಾಡುವಾಗ ಗಂಡನ ತಟ್ಟೆಗೆ ಮುದ್ದೆ ಇಕ್ಕುತ್ತಾ ಅವರ ಮುಖ ನೋಡಲು ಮಾತ್ರ ಆಗಲಿಲ್ಲ.

ಶಿಫಾರಸು ಹೋದ ಮೇಲೆ ಯೋಜನಾ ಪ್ರಾಧಿಕಾರದವರು ಪತ್ರಿಕೆಯಲ್ಲಿ ಪ್ರಕಟಣೆ ಹಾಕಬೇಕು, ವಲಯ ಬದಲಾವಣೆಗೆ ಆಕ್ಷೇಪಣೆ ಇದ್ದವರು ತಿಳಿಸಿ ಎಂದು ಜನರನ್ನು ಕೇಳಬೇಕು. ಅದು ಬಂತು. ಹುಡುಕಿದರೂ ಸಿಗದ ಹಾಗೆ, ಕಳೆದುಹೋದ ಅಂಕಪಟ್ಟಿಗಳ ಪ್ರಕಟಣೆಗಳ ನಡುವೆ. ನನ್ನ ಗಂಡನೇ ಹುಡುಕಿ ಕತ್ತರಿಸಿ ತಂದರು. ಅವತ್ತು ಸಂಜೆ ನಾನು ಮೋರಿ ದಂಡೆಗೆ ಹೋಗಿ ಕೊನೆಮನೆಯವಳ ಬಾಗಿಲಲ್ಲಿ ಕೂತು, ಆದದ್ದೆಲ್ಲ ಹೇಳಿದೆ. ಅನುಮೋದಿಸಿದವರ ಜಾಗದಲ್ಲಿ ನನ್ನ ಹೆಸರಿದೆ ಎಂಬುದನ್ನೂ ಹೇಳಿದೆ. ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಮನೆಯವಳು, "ನಿನ್ ಹೆಸ್ರು ನೀನೇ ಬರ್ಸಿಲ್ಲ ಅಂತ ನಾವೆಂಗ್ ನಂಬೋದು ಅಕ್ಕ?" ಎಂದಳು.

"ನಂಬಬೇಡಿ," ಎಂದೆ. "ಅಧಿಕಾರಿ ಮುಂದೆ ನಾನು ಏನು ಹೇಳುತ್ತೀನಿ ಅಂತ ಬಂದು ಕೇಳಿ. ಆಮೇಲೆ ನೋಡಿ."

ಆಕ್ಷೇಪಣೆಗಳನ್ನು ಒಂದೊಂದಾಗಿ ಬರೆದೆವು. ವಲಯ ಬದಲಿಸುವುದಾದರೆ ರಸ್ತೆ ಅಂಚಿಗೆ ಹೋಗಲಿ, ನಮ್ಮ ಮನೆಗಳು ಸಂತೆಮಾಳದಲ್ಲೇ ಆಗಲಿ ಎಂಬುದು ಎಲ್ಲದರ ತಿರುಳು. ಒಂದೇ ಒಕ್ಕಣೆಯ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರೆ ಒಂದೇ ಆಕ್ಷೇಪಣೆ ಎಂದು ಎಣಿಸಿಬಿಡುತ್ತಾರೆಂದು ಗಂಡ ಎಚ್ಚರಿಸಿದ್ದರು. ಹಾಗಾಗಿ ಪ್ರತಿಯೊಬ್ಬಳೂ ತನ್ನ ಮಾತಿನಲ್ಲಿ ಹೇಳಿದಳು, ನಾನು ಬರೆದೆ. ಒಬ್ಬಳು ಮಗುವಿನ ಶಾಲೆ ಎಂದಳು. ಒಬ್ಬಳು, ಬೆಳಿಗ್ಗೆ ಆರಕ್ಕೆ ಒಲೆ ಹಚ್ಚುವ ಘಟಕಕ್ಕೆ ಒಂಬತ್ತು ಕಿಲೋಮೀಟರಿಂದ ಯಾವ ಬಸ್ಸು ಎಂದಳು.

ವಿಚಾರಣೆಯ ದಿನ ಹೆಂಗಸರು ಅರ್ಧ ದಿನದ ಕೆಲಸ ಬಿಟ್ಟು ಬಂದರು. ಅಧಿಕಾರಿ ನಡುವಯಸ್ಸಿನವರು, ಸೌಮ್ಯವಾಗಿ ಮಾತಾಡುವವರು. ಹಿರಿಯ ಸದಸ್ಯರೂ ಮೂಲೆಯ ಕುರ್ಚಿಯಲ್ಲಿ ಚರ್ಮದ ಚೀಲ ತೊಡೆಯ ಮೇಲಿಟ್ಟು ಕೂತಿದ್ದರು.

"ಮೇಡಂ, ನೀವು ಆಕ್ಷೇಪಣೆ ಸಲ್ಲಿಸಿದ್ದೀರಿ," ಎಂದರು ಅಧಿಕಾರಿ. "ಆದರೆ ಠರಾವನ್ನು ಅನುಮೋದಿಸಿದವರೂ ನೀವೇ ಎಂದು ಇಲ್ಲಿದೆ. ಹಾಗಾದರೆ ನಡಾವಳಿ ಸುಳ್ಳೇ?"

ಸುಳ್ಳು ಎಂದರೆ ಇಡೀ ಸಭೆಯನ್ನು ಸುಳ್ಳುಗಾರರು ಎಂದಂತೆ. ನಿಜ ಎಂದರೆ ಹಿಂದೆ ಕೂತಿದ್ದ ಹೆಂಗಸರ ಮುಖ ನೋಡುವಂತಿಲ್ಲ.

"ನಾನು ಆ ಠರಾವನ್ನು ಕೇಳಿಲ್ಲ, ಅನುಮೋದಿಸಿಲ್ಲ," ಎಂದೆ. "ನನ್ನ ಸಹಿ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಅದೇ ಸಭೆಯಲ್ಲಿ ಒಬ್ಬ ಇಂಜಿನಿಯರರ ಮೇಲೆ ಆಧಾರವಿಲ್ಲದೆ ಆರೋಪ ಮಾಡಿದ್ದೂ ನಾನೇ. ಅದು ತಪ್ಪು. ಅದನ್ನೂ ಬರೆದುಕೊಳ್ಳಿ."

ಹಿರಿಯರು ಮೂಲೆಯಿಂದ, "ಹೊಸ್ಬರು ಸ್ವಾಮಿ, ಒಸಿ ಗಾಬ್ರಿಯಾಗವ್ರೆ," ಎಂದರು. ನಾಲ್ಕಾರು ಜನ ನಕ್ಕರು. ಆಗ ಕೊನೆಮನೆಯವಳು ಕರೆಯದೆಯೇ ಎದ್ದು ಮುಂದೆ ಬಂದು, ತನ್ನ ಎರಡೂ ಕೈಗಳನ್ನು ಅಧಿಕಾರಿಯ ಮೇಜಿನ ಮೇಲೆ ಚಾಚಿದಳು.

"ಈ ಕೈಲಿ ಬೆಳಿಗ್ಗೆ ಆರ್ಕೆ ನೀರ್ಗೆ ಇಳೀಬೇಕು ಸಾರ್. ಬಂಡೆ ಮೇಲೆ ಮನೆ ಕೊಟ್ರೆ ಮನೆ ಇರ್ತದೆ, ಕೂಲಿ ಇರಲ್ಲ. ನೀವೇ ಯೋಳಿ, ಅಲ್ಲೋಗಿ ನಾವು ಏನ್ ತಿನ್ನೋದು?"

ಅಧಿಕಾರಿ ಆ ಕೈಗಳನ್ನು ನೋಡಿ, ನನ್ನ ಆಕ್ಷೇಪಣೆಯಲ್ಲಿ ಹೇಳಿದ್ದ ಇಂಜಿನಿಯರರ ಹಳೆಯ ನಕಾಶೆಯನ್ನು ಕಡತಕ್ಕೆ ಸೇರಿಸುವಂತೆ ಹೇಳಿದರು. ಅದನ್ನು ತಂದುಕೊಟ್ಟವರು ನನ್ನ ಗಂಡ.

ತೀರ್ಮಾನಕ್ಕೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಇಂಜಿನಿಯರರನ್ನು ಹುಡುಕಿಕೊಂಡು ಹೋದೆ. ಅವರನ್ನು ಹಳ್ಳಿ ರಸ್ತೆಗಳ ಕೆಲಸಕ್ಕೆ ಹಾಕಿದ್ದರು. ಮರಳವಾಡಿಯ ಕಡೆ ಒಂದು ಸಣ್ಣ ಸೇತುವೆಯ ಹತ್ತಿರ, ತಲೆಗೆ ಟವೆಲು ಕಟ್ಟಿಕೊಂಡು ಜಲ್ಲಿ ಅಳೆಯುವುದನ್ನು ನೋಡುತ್ತಾ ನಿಂತಿದ್ದರು. ನನ್ನನ್ನು ಕಂಡು ಮೊದಲು ಗುರುತಿಸದವರ ಹಾಗೆ ನಿಂತರು. ನಾನು ಬಂದ ಕಾರಣ ಹೇಳಿದೆ. ಕ್ಷಮೆ ಕೇಳಿದೆ.

"ಪರವಾಗಿಲ್ಲ ಮೇಡಂ," ಎಂದರು. "ನನ್ನ ಮಗಳು ಪೇಪರಿನಲ್ಲಿ ಓದಿದಳು, ಅದೊಂದು ಬೇಜಾರಾಯ್ತು."

"ಆ ಜೀಪು?"

"ಜೀಪಲ್ಲಿ ಹೋಗಿದ್ದು ನಿಜ. ನಾನೇನೂ ಸಾಚಾ ಅಲ್ಲ ಮೇಡಂ. ಬೇರೆ ಕೆಲಸಗಳಲ್ಲಿ ಎಲ್ಲರ ಹಾಗೇ ಇದ್ದೆ. ಇದೊಂದರಲ್ಲಿ ಮಾತ್ರ ಇರಲಿಲ್ಲ. ಯಾಕೆ ಅಂತ ಕೇಳಬೇಡಿ, ನನಗೇ ಸರಿಯಾಗಿ ಗೊತ್ತಿಲ್ಲ. ಆ ಸಾಲಿಗೆ ಅಳತೆಗೆ ಹೋದಾಗ ಒಬ್ಬಾಕೆ, ಮನೆ ಕಟ್ಟೋದು ಬಿಡಿ ಸಾರ್, ಮೊದಲು ಕಾಫಿ ಕುಡೀರಿ ಅಂದಿದ್ದರು."

ವಾಪಸು ಬಸ್ಸಿನಲ್ಲಿ ಕೂತು ಅವರ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬೇರೆ ಯಾವುದಾದರೂ ಲೇಔಟಿನವರು ರಸ್ತೆ ಅಂಚಿಗೇ ಬರಲಿ ಎಂದು ಅವರಿಗೆ ಹೇಳಿದ್ದರೇ? ನಾಚಿಕೆಯಾಯಿತು, ಆದರೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಇವತ್ತಿಗೂ ಪೂರ್ತಿ ಹೋಗಿಲ್ಲ.

ಕೊನೆಗೆ ರಸ್ತೆ ಅಂಚಿಗೇ ಬಂತು. ಲೇಔಟಿನವರಿಗೆ ಅದರಿಂದ ಕಷ್ಟವೇನೂ ಆಗಲಿಲ್ಲ. ಮನೆಗಳಿಗೆ ಸಂತೆಮಾಳವನ್ನೇ ಒಪ್ಪಿದರು. ಆದರೆ ಮೊದಲ ಹಂತ ಎಂದು ಹೇಳಿ ಹದಿನಾರೇ ಕಟ್ಟಿದರು. ಇಪ್ಪತ್ತೆಂಟು ಕುಟುಂಬಕ್ಕೆ ಹದಿನಾರು ಮನೆ. ಲಾಟರಿ ಎತ್ತುವುದೆಂದು ತೀರ್ಮಾನವಾಯಿತು. ನನ್ನ ಅವಧಿ ಮುಗಿಯಲು ಎರಡು ತಿಂಗಳಿತ್ತು. ಮುಂದಿನ ಸಲ ಟಿಕೆಟ್ಟು ಇಲ್ಲ ಎಂಬುದು ಆಗಲೇ ಗೊತ್ತಾಗಿತ್ತು.

ಚೀಟಿ ಎತ್ತಲು ನನ್ನನ್ನು ಕರೆದರು. ನಾನು ಎತ್ತುವುದಿಲ್ಲ ಎಂದೆ. ಹಾಗಾದರೆ ಡಬ್ಬವನ್ನಾದರೂ ಹಿಡಿದುಕೊಳ್ಳಿ ಎಂದರು. ನೀಲಿ ಪ್ಲಾಸ್ಟಿಕ್ ಡಬ್ಬ. ಹಿಡಿದುಕೊಂಡೆ. ಒಂದು ಶಾಲೆಯ ಹುಡುಗಿ ಕಣ್ಣು ಮುಚ್ಚಿ ಎತ್ತಿದಳು. ಎಂಟನೆಯದೋ ಒಂಬತ್ತನೆಯದೋ ಚೀಟಿಯಲ್ಲಿ ಕೊನೆಮನೆಯವಳ ಹೆಸರು ಬಂತು. ಅವಳು ಕೂಗಲಿಲ್ಲ, ಕೈ ಮುಗಿಯಲಿಲ್ಲ. ಚೀಟಿಯನ್ನು ಇಸಿದುಕೊಂಡು, ತನಗೆ ಓದಲು ಬಾರದಿದ್ದರೂ ಎರಡೂ ಕಡೆ ತಿರುಗಿಸಿ ನೋಡಿ, ಪಕ್ಕದವರಿಗೆ ಓದಲು ಕೊಟ್ಟು, ಮತ್ತೆ ಇಸಿದುಕೊಂಡಳು.

ಅವಳ ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಮನೆಯವಳಿಗೆ ಬರಲಿಲ್ಲ. ಅವಳು ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದಳು.

"ಡಬ್ಬ ಯಾರ್ ಕೈಲಿತ್ತು ಮೆಂಬರಕ್ಕ?"

"ನನ್ನ ಕೈಲಿ."

"ಅಷ್ಟೇ ಕೇಳಿದ್ದು," ಎಂದು ಹೋದಳು.

ಅವಳಿಗೆ ಕೊಡಲು ನನ್ನ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ನಾನು ಹಿಡಿದದ್ದು ಡಬ್ಬ ಮಾತ್ರ ಎಂದು ಹೇಳಿದ್ದರೆ, ಅದು ಹಾಜರಿ ಪುಸ್ತಕದ ಸಹಿಯ ಕತೆಯ ಹಾಗೇ ಅವಳಿಗೆ ಕೇಳಿಸುತ್ತಿತ್ತು.

ಉಳಿದ ಹನ್ನೆರಡು ಮನೆಗಳ ಕೆಲಸ ಇನ್ನೂ ನಡೆದಿಲ್ಲ. ಎರಡನೇ ಹಂತ ಎನ್ನುತ್ತಾರೆ. ನಾನೀಗ ಸದಸ್ಯೆಯಲ್ಲ, ಮತ್ತೆ ಅಂಗಡಿಯಲ್ಲಿದ್ದೇನೆ. ಹೋದ ತಿಂಗಳು ಆ ಹನ್ನೆರಡು ಕುಟುಂಬಗಳ ಪರವಾಗಿ ಒಂದು ಅರ್ಜಿ ಬರೆದು, ಸಹಿಗೆಂದು ಮೋರಿ ದಂಡೆಗೆ ಒಯ್ದೆ. ಆ ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು ಅರ್ಜಿ ಇಸಿದುಕೊಂಡು, ಹೈಸ್ಕೂಲಿಗೆ ಹೋಗುವ ಮಗಳನ್ನು ಕರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸಿದಳು. ಎರಡು ಕಡೆ ನಿಲ್ಲಿಸಿ, ಹಾಗೆಂದರೇನು ಎಂದು ನನ್ನನ್ನಲ್ಲ, ಮಗಳನ್ನು ಕೇಳಿದಳು. ಕೊನೆಯ ಸಾಲಿನ ಕೆಳಗೆ ಖಾಲಿ ಉಳಿದಿದ್ದ ಜಾಗಕ್ಕೆ ಅಡ್ಡಲಾಗಿ ಗೆರೆ ಎಳೆಸಿದಳು. ಆಮೇಲೆ ಸಹಿ ಹಾಕಿ, "ಒಂದ್ ಪ್ರತಿ ನಮ್ಮತ್ರ ಇರ್ಲಿ" ಎಂದಳು.

ನಾನು ಚೀಲದಿಂದ ಪ್ರತಿ ತೆಗೆದು ಕೊಟ್ಟೆ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು, ಸಾಲಿಗೆ ಸಾಲು ತಾಳೆ ನೋಡಲು ಮಗಳಿಗೆ ಕೊಟ್ಟಳು. ಅದು ಮುಗಿಯುವವರೆಗೆ ನಾನು ಬಿಸಿಲಿನಲ್ಲೇ ನಿಂತಿದ್ದೆ.